ಬ್ರೋಕರ್ ಫೋನು ರಿಂಗ್ ಆದ ಮೇಲೆ ಏನಾಗುತ್ತೆ?

ಪ್ರಶ್ನೆ: ನಾನು ಮೈಸೂರಿನವನು. ಗೆಳೆಯನ ಜೊತೆ ಸೇರಿ ಎಂಟು ತಿಂಗಳಿಂದ ಚಿಕ್ಕದಾಗಿ ಡಿಜಿಟಲ್ ಮಾರ್ಕೆಟಿಂಗ್ ಮಾಡುತ್ತಿದ್ದೇನೆ. ಇಲ್ಲಿಯವರೆಗೆ ಒಂದು ಬೇಕರಿ, ಒಂದು ಜಿಮ್ಮು. ಈಗ ವಿಜಯನಗರದ ಕಡೆ ರಿಯಲ್ ಎಸ್ಟೇಟ್ ಏಜೆಂಟ್ ಒಬ್ಬರು ಸಿಕ್ಕಿದ್ದಾರೆ. ಹದಿನೈದು ವರ್ಷದಿಂದ ಸೈಟು, ಮನೆ ವ್ಯವಹಾರ ಮಾಡುತ್ತಿರುವವರು. "ಆನ್‌ಲೈನ್‌ದೆಲ್ಲ ನೀವೇ ನೋಡ್ಕೊಳ್ಳಿ, ತಿಂಗಳಿಗೆ 15 ಸಾವಿರ ಕೊಡ್ತೀನಿ. ಇಲ್ಲಾಂದ್ರೆ ಸೈಟು ಮಾರಾಟ ಆದಾಗ ಕಮಿಷನ್‌ನಲ್ಲಿ ಪಾಲು ತಗೊಳ್ಳಿ" ಅನ್ನುತ್ತಿದ್ದಾರೆ. ವೆಬ್‌ಸೈಟ್, ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವಂತೆ ಮಾಡುವ ಕೆಲಸ), ಫೇಸ್‌ಬುಕ್ ಜಾಹೀರಾತು, ತಿಂಗಳಿಗೆ 20 ಪೋಸ್ಟ್ ಎಲ್ಲ ಸೇರಿಸಿ ಒಂದು ಪ್ಯಾಕೇಜ್ ಬರೆದಿದ್ದೇನೆ. ಇದು ಸರಿನಾ? ಯಾವ ಸೇವೆ ಕೊಡಬೇಕು, ಯಾವುದು ಬೇಡ?

ಉತ್ತರ: ಪ್ಯಾಕೇಜನ್ನು ಹರಿದು ಹಾಕಿ ಅನ್ನುವುದಿಲ್ಲ. ಒಂದು ವಾರ ಪಕ್ಕಕ್ಕೆ ಇಡಿ. ಅದರಲ್ಲಿರುವುದೆಲ್ಲ ಕೆಲಸಕ್ಕೆ ಬರುವಂಥದ್ದೇ. ಆದರೆ ಅದು ಯಾವ ಊರಿನ ಯಾವ ಏಜೆಂಟ್‌ಗಾದರೂ ಕೊಡಬಹುದಾದ ಪ್ಯಾಕೇಜ್. ನಿಮ್ಮ ಕ್ಲೈಂಟ್ ಆಫೀಸಿನಲ್ಲಿ ಎರಡು ದಿನ ಕೂತು ಬರೆದದ್ದಲ್ಲ.

ಬೇಕರಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪಫ್ಸ್ ಫೋಟೋ ನೋಡಿದವನು ಸಂಜೆ ಬಂದು ತಿನ್ನುತ್ತಾನೆ. ಚೆನ್ನಾಗಿಲ್ಲದಿದ್ದರೆ ಹೋದದ್ದು ಇಪ್ಪತ್ತೈದು ರೂಪಾಯಿ. ಸೈಟು ತಗೊಳ್ಳುವವರು ಪಿಎಫ್ ತೆಗೆದಿರುತ್ತಾರೆ, ಒಡವೆ ಇಟ್ಟಿರುತ್ತಾರೆ, ಊರಿನ ಜಮೀನು ಮಾರಿರುತ್ತಾರೆ. ಅವರು ಮೊದಲು ನೋಡುವುದು ಸೈಟನ್ನಲ್ಲ, ತೋರಿಸುತ್ತಿರುವ ಮನುಷ್ಯನನ್ನು. ಇವರು ಹೇಳಿದ್ದು ನಿಜನಾ, ಕಾಗದ ಸರಿ ಇದೆಯಾ, ಟೋಕನ್ ಕೊಟ್ಟ ಮೇಲೆ ಫೋನ್ ಎತ್ತುತ್ತಾರಾ? ನೀವು ಕೊಡುವ ಪ್ರತಿ ಸೇವೆಯೂ ಈ ಮೂರು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಉತ್ತರ ಕೊಡಬೇಕು. ಕೊಡದಿದ್ದರೆ ಅದಕ್ಕೆ ದುಡ್ಡು ತಗೊಳ್ಳುವುದು ಸ್ವಲ್ಪ ಕಷ್ಟ.

ಕೆಲವು ವರ್ಷದ ಹಿಂದೆ ನಾನು ಇಂಥದ್ದೇ ಒಬ್ಬ ಏಜೆಂಟ್ ಜೊತೆ ಒಂದು ದಿನ ಓಡಾಡಿದೆ. ಬೆಳಿಗ್ಗೆ ಬೋಗಾದಿ ಕಡೆ ಒಂದು ಸೈಟು ತೋರಿಸುವುದಿತ್ತು. ಪಾರ್ಟಿ ಜೊತೆ, ಅಂದರೆ ಕೊಳ್ಳಲು ಬಂದವರ ಜೊತೆ, ಮಾತಾಡುತ್ತಿರುವಾಗಲೇ ಏಜೆಂಟರ ಫೋನು ನಾಲ್ಕು ಸಲ ಬಡಿದುಕೊಂಡಿತು. ನಾಲ್ಕು ಸಲವೂ ಜೇಬಿನೊಳಗೇ ಸೈಲೆಂಟ್ ಮಾಡಿದರು. ಮಧ್ಯಾಹ್ನ ಊಟಕ್ಕೆ ಕೂತಾಗ "ಸಾರ್, ಆ ಕಾಲ್‌ಗಳಿಗೆ ವಾಪಸ್ ಮಾಡಿದ್ರಾ?" ಅಂತ ಕೇಳಿದೆ. "ಬೇಕಾದೋರು ಮತ್ತೆ ಮಾಡ್ತಾರೆ ಬಿಡಿ" ಅಂದರು. ಫೋನು ಇಸ್ಕೊಂಡು ಕಾಂಟ್ಯಾಕ್ಟ್ ಪಟ್ಟಿ ನೋಡಿದೆ. "ಪಾರ್ಟಿ ಕಾರ್ನರ್". "ಬೋಗಾದಿ ಪಾರ್ಟಿ 2". "ಮೇಡಂ 30×40". "ಬ್ಯಾಂಕ್‌ನವರು ಹೊಸದು". ಇವರಲ್ಲಿ ಯಾರಿಗೆ ಏನು ಬೇಕಿತ್ತು, ಬಜೆಟ್ ಎಷ್ಟಿತ್ತು, ಕೊನೆಗೆ ಮಾತಾಡಿದ್ದು ಯಾವಾಗ? ಅರ್ಧ ಅವರ ತಲೆಯಲ್ಲಿತ್ತು, ಅರ್ಧ ಎಲ್ಲೂ ಇರಲಿಲ್ಲ. ಆ ಸ್ಥಿತಿಯಲ್ಲಿ ನಾನು ಜಾಹೀರಾತು ಹಾಕಿ ಇನ್ನಷ್ಟು ಕಾಲ್ ತರಿಸಿದ್ದರೆ, ಜೇಬಿನಲ್ಲಿ ಸೈಲೆಂಟ್ ಆಗುವ ಕಾಲ್‌ಗಳು ಜಾಸ್ತಿ ಆಗುತ್ತಿದ್ದವು. ಅಷ್ಟೇ.

ಹಾಗಾಗಿ ನಿಮ್ಮ ಮೊದಲ ಸೇವೆ ಜಾಹೀರಾತಲ್ಲ. ಫೋನು.

ಆಫೀಸಿಗೆ ಬೇರೆ ನಂಬರ್ ಒಂದು ತೆಗೆಸಿ, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ. ಆ್ಯಪ್ ಉಚಿತ. ಚಾಟ್‌ಗಳಿಗೆ ಲೇಬಲ್ ಹಚ್ಚುವ ಅನುಕೂಲ ಅದರಲ್ಲಿದೆ. ಹೊಸ ಪಾರ್ಟಿ, ಸೈಟು ನೋಡಿದ್ದಾರೆ, ರೇಟ್ ಮಾತಾಡ್ತಿದ್ದಾರೆ, ಟೋಕನ್ ಆಗಿದೆ, ರಿಜಿಸ್ಟ್ರೇಷನ್ ಮುಗಿದಿದೆ. ಐದು ಲೇಬಲ್ ಸಾಕು. ಏಜೆಂಟರು ಬಾಯಲ್ಲಿ ಆಡುವ ಮಾತನ್ನೇ ಲೇಬಲ್ ಮಾಡಿ. "ಲೀಡ್ ಸ್ಟೇಜ್" ಅಂತೆಲ್ಲ ಹಾಕಿದರೆ ಎರಡನೇ ವಾರ ಬಿಟ್ಟುಬಿಡುತ್ತಾರೆ. ಕಾಲ್ ತಗೊಳ್ಳಲು ಆಗದಿದ್ದಾಗ ಕಳಿಸಲು ಒಂದು ಸಿದ್ಧ ಉತ್ತರ ಬರೆದುಕೊಡಿ. ನಾನು ಬಳಸುವುದು ಹೀಗಿದೆ:

"ನಮಸ್ಕಾರ. ಕಾಲ್ ಮಾಡಿದ್ರಿ, ಸೈಟು ತೋರಿಸ್ತಾ ಇದ್ದೆ, ತಗೊಳ್ಳೋಕೆ ಆಗಲಿಲ್ಲ. ನಿಮಗೆ ಬೇಕಿರೋದು ಸೈಟಾ, ಮನೆನಾ? ಯಾವ ಕಡೆ? ಬಜೆಟ್ ಸುಮಾರಾಗಿ ಎಷ್ಟು? ಇಷ್ಟು ಕಳಿಸಿರಿ, ಸಂಜೆ ಆರರೊಳಗೆ ನಾನೇ ಕಾಲ್ ಮಾಡ್ತೀನಿ."

ಸಂಜೆ ಆರರೊಳಗೆ ಮಾಡಲೇಬೇಕು. ಅವರಿಂದ ಆಗದಿದ್ದರೆ ಆಫೀಸಿನ ಹುಡುಗ ಮಾಡಲಿ. ಇದರ ಜೊತೆ ಗೂಗಲ್ ಶೀಟ್‌ನಲ್ಲಿ ಪಾರ್ಟಿಗಳ ಒಂದು ಪಟ್ಟಿ. ಹೆಸರು, ಯಾವ ಏರಿಯಾ, ಬಜೆಟ್, ಯಾವ ದಿಕ್ಕು, ಸಾಲ ಬೇಕಾ, ಮುಂದಿನ ಕಾಲ್ ಯಾವಾಗ. ದಿಕ್ಕಿನ ಕಾಲಂ ನೋಡಿ ನಗಬೇಡಿ. ಪೂರ್ವ ಇಲ್ಲವೇ ಉತ್ತರ ದಿಕ್ಕಿನ ಸೈಟೇ ಬೇಕು ಅನ್ನುವವರಿಗೆ ದಕ್ಷಿಣದ್ದು ತೋರಿಸಲು ಹೋದರೆ ಪೆಟ್ರೋಲ್ ದಂಡ.

ಇಲ್ಲೇ ಇನ್ನೊಂದು ಮಾತು. "ಹತ್ತು ಸಾವಿರ ನಂಬರ್ ಇರೋ ಡೇಟಾಬೇಸ್ ಸಿಗುತ್ತಂತೆ, ಎಲ್ಲರಿಗೂ ವಾಟ್ಸಾಪ್ ಬಿಡಿ" ಅಂತ ನಿಮ್ಮ ಕ್ಲೈಂಟ್ ಯಾವತ್ತಾದರೂ ಒಂದು ದಿನ ಹೇಳೇ ಹೇಳುತ್ತಾರೆ. ಒಪ್ಪಬೇಡಿ. ಒಪ್ಪಿಗೆ ಇಲ್ಲದೆ ರಾಶಿ ಮೆಸೇಜ್ ಬಿಟ್ಟರೆ ಜನ ರಿಪೋರ್ಟ್ ಮಾಡುತ್ತಾರೆ, ನಂಬರ್ ಬ್ಲಾಕ್ ಆಗುತ್ತದೆ. ಹದಿನೈದು ವರ್ಷದ ನಂಬರ್ ಹೋದರೆ ಹೋಯಿತು. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಲಿಸ್ಟ್ ಇದೆ. ಒಂದು ಲಿಸ್ಟಿಗೆ 256 ಜನ, ಅದೂ ಏಜೆಂಟರ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಆ ಮಿತಿಯೇ ಒಳ್ಳೆಯದು. ಎಸ್‌ಎಂಎಸ್‌ಗೂ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮಗಳಿವೆ. ಕಳಿಸುವವರ ಹೆಸರು, ಮೆಸೇಜಿನ ನಮೂನೆ ಎಲ್ಲ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸದೆ ರಾಶಿ ಎಸ್‌ಎಂಎಸ್ ಹೋಗುವುದಿಲ್ಲ. ಒಬ್ಬ ಬ್ರೋಕರ್‌ಗೆ ಅಷ್ಟು ರಗಳೆ ಯಾಕೆ ಬೇಕು?

ಎರಡನೆಯದು ಗೂಗಲ್ ಬಿಸಿನೆಸ್ ಪ್ರೊಫೈಲ್. ಇದಕ್ಕೆ ಗೂಗಲ್ ಏನೂ ದುಡ್ಡು ಕೇಳುವುದಿಲ್ಲ, ಆದರೂ ಬಹಳ ಏಜೆಂಟರು ಇದನ್ನು ಅರ್ಧಕ್ಕೆ ಬಿಟ್ಟಿರುತ್ತಾರೆ. ಪರಿಶೀಲನೆಗೆ ಈಗ ಹೆಚ್ಚಾಗಿ ವೀಡಿಯೊ ಕೇಳುತ್ತಾರೆ. ರಸ್ತೆ, ಅಂಗಡಿ ಬೋರ್ಡು, ಶಟರ್ ತೆಗೆಯುವುದು, ಒಳಗಿನ ಟೇಬಲ್ಲು, ಎಲ್ಲವನ್ನೂ ನಿಲ್ಲಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಬೇಕು. ಬೋರ್ಡಿನಲ್ಲಿ ಏನಿದೆಯೋ ಅದೇ ಹೆಸರು ಹಾಕಿ. ಹೆಸರಿನ ಹಿಂದೆ "ಬೆಸ್ಟ್ ಸೈಟ್ ಸೇಲ್ ಇನ್ ಮೈಸೂರು" ಅಂತ ಬಾಲ ಅಂಟಿಸಿದರೆ ಪ್ರೊಫೈಲ್ ಅಮಾನತು ಆಗುವ ಅಪಾಯ ಇದೆ.

ರಿವ್ಯೂ ಕೇಳಲು ಸರಿಯಾದ ಜಾಗ ಯಾವುದು ಗೊತ್ತಾ? ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ. ಹೆಬ್ಬೆಟ್ಟು, ಫೋಟೋ ಎಲ್ಲ ಮುಗಿದು, ಟೀ ಕುಡಿಯುತ್ತಾ ನಿಂತಿರುವಾಗ ಪಾರ್ಟಿಯ ಮುಖದಲ್ಲಿ ಒಂದು ನಿರಾಳ ಇರುತ್ತದಲ್ಲ, ಆಗ ಕೇಳಬೇಕು. ರಿವ್ಯೂ ಲಿಂಕಿನ ಕ್ಯೂಆರ್ ಕೋಡನ್ನು ಏಜೆಂಟರ ವಿಸಿಟಿಂಗ್ ಕಾರ್ಡಿನ ಹಿಂದೆ ಮುದ್ರಿಸಿಕೊಡಿ. ರಿವ್ಯೂಗೆ ಗಿಫ್ಟು, ಡಿಸ್ಕೌಂಟು ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ, ಬೇಡ. "ಯಾವ ಏರಿಯಾದಲ್ಲಿ ತಗೊಂಡ್ರಿ, ಕಾಗದಪತ್ರ ಹೇಗೆ ಮಾಡಿಸಿಕೊಟ್ರು ಅಂತ ನಿಮಗನ್ನಿಸಿದ್ದನ್ನ ಎರಡು ಸಾಲು ಬರೀರಿ" ಅಂದರೆ ಸಾಕು. ಹದಿನೈದು ವರ್ಷದ ಹಳೇ ಪಾರ್ಟಿಗಳು ಇದ್ದಾರಲ್ಲ, ಅವರನ್ನೂ ದಿನಕ್ಕೆ ಒಬ್ಬರಂತೆ ಏಜೆಂಟರೇ ಕೇಳಲಿ. ಒಂದೇ ದಿನ ನಲವತ್ತು ರಿವ್ಯೂ ಬಂದರೆ ಗೂಗಲ್‌ಗೂ ಅನುಮಾನ, ಓದುವವರಿಗೂ ಅನುಮಾನ.

ಇನ್ನು ಸೈಟಿನ ವಿವರ ಬರೆಯುವುದು. ನನ್ನ ಪ್ರಕಾರ ನಿಮ್ಮ ಕೈಚಳಕ ಕಾಣುವುದು ಇಲ್ಲೇ. ಈಗ ಏಜೆಂಟರ ಸ್ಟೇಟಸ್‌ನಲ್ಲಿ ಇರುವುದು ಹೆಚ್ಚುಕಮ್ಮಿ ಹೀಗಿರುತ್ತದೆ: "ನಿಮ್ಮ ಕನಸಿನ ಮನೆಗೆ ಸುವರ್ಣಾವಕಾಶ!! ಪ್ರೈಮ್ ಲೊಕೇಶನ್, ಕ್ಲಿಯರ್ ಟೈಟಲ್, ಕೂಡಲೇ ಸಂಪರ್ಕಿಸಿ." ಇದರಲ್ಲಿ ಒಂದೇ ಒಂದು ಮಾಹಿತಿ ಇಲ್ಲ. ಹೀಗೆ ಬರೆದು ನೋಡಿ:

"ಬೋಗಾದಿ ಕಡೆ 30×40 ಸೈಟು. ಪೂರ್ವಕ್ಕೆ ಮುಖ, ಮುಂದೆ 30 ಅಡಿ ಡಾಂಬರು ರಸ್ತೆ. ಅಕ್ಕಪಕ್ಕ ಎರಡೂ ಕಡೆ ಮನೆ ಆಗಿದೆ. ನೀರು, ಯುಜಿಡಿ (ಒಳಚರಂಡಿ) ಇದೆ. ಇ-ಖಾತಾ ಓನರ್ ಹೆಸರಲ್ಲೇ ಇದೆ, ಈ ವರ್ಷದ ಕಂದಾಯ ಕಟ್ಟಿದೆ, ಇಸಿ ತೆಗೆಸಿದ್ದೇವೆ. ಓನರ್ ಕೇಳುತ್ತಿರುವ ರೇಟ್ ಇಷ್ಟು, ಕೂತರೆ ಸ್ವಲ್ಪ ಮಾತಾಡಬಹುದು. ಒಂದು ತೊಂದರೆ: ಹಿಂದಿನ ಮೂಲೆಯಲ್ಲಿ ಕರೆಂಟ್ ಕಂಬ ಇದೆ. ಭಾನುವಾರ ಬೆಳಿಗ್ಗೆ ತೋರಿಸುತ್ತೇವೆ."

ಕಂಬದ ಸಾಲು ಬರೆದಾಗ ಏಜೆಂಟರು ಗಾಬರಿಯಾಗುತ್ತಾರೆ. "ಅಯ್ಯೋ, ಅದನ್ಯಾಕೆ ಹಾಕಿದ್ರಿ?" ಅಂತ. ಸೈಟಿಗೆ ಬಂದ ತಕ್ಷಣ ಅದು ಕಾಣುತ್ತೆ ತಾನೇ? ಕಂಬ ಬೇಡ ಅನ್ನುವವರು ಬರುವುದೇ ಇಲ್ಲ, ಅವರಿಗೂ ಒಂದು ಭಾನುವಾರ ಉಳಿಯಿತು, ಇವರಿಗೂ ಉಳಿಯಿತು. ಉಳಿದವರು "ಇವರು ಇದನ್ನೂ ಹೇಳಿದ್ದಾರೆ, ಹಾಗಾದರೆ ಕಾಗದದ ವಿಷಯನೂ ನಿಜ ಇರಬೇಕು" ಅಂದುಕೊಂಡು ಬರುತ್ತಾರೆ. ಆದರೆ ನೀವು "ಇಸಿ ತೆಗೆಸಿದ್ದೇವೆ" ಅಂತ ಬರೆಯುವ ಮುಂಚೆ ಆ ಇಸಿಯನ್ನು, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರವನ್ನು, ನಿಮ್ಮ ಕಣ್ಣಿಂದ ನೋಡಿರಬೇಕು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೆಯಬಹುದು, ದೊಡ್ಡ ಕೆಲಸವೇನಲ್ಲ. ಪಂಚಾಯ್ತಿ ವ್ಯಾಪ್ತಿಯ ಸೈಟಾದರೆ ಇ-ಸ್ವತ್ತು (ಪಂಚಾಯ್ತಿಯ ಆಸ್ತಿ ದಾಖಲೆ), ಕನ್ವರ್ಷನ್ ಆದೇಶ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ ಆದೇಶ) ಕೇಳಿ. ರೆವಿನ್ಯೂ ಸೈಟನ್ನು (ಮಂಜೂರಾತಿ ಇಲ್ಲದೆ ಜಮೀನಿನಲ್ಲಿ ಮಾಡಿದ್ದು) "ಬಡಾವಣೆ ಸೈಟು" ಅಂತ ಬರೆಯಲು ಹೇಳಿದರೆ ಬರೆಯಬೇಡಿ. ಬರೆದವರು ನೀವು ಅನ್ನುವುದು ಚಾಟ್‌ನಲ್ಲಿ ಉಳಿದಿರುತ್ತದೆ.

ಈಗ ನಿಮಗೆ ಒಂದು ಜಗಳ ಗ್ಯಾರಂಟಿ. ನೀವು ಜಾಗ ಸರಿಯಾಗಿ ತೋರಿಸಬೇಕು ಅನ್ನುತ್ತೀರಿ, ಏಜೆಂಟರು "ಲೊಕೇಶನ್ ಹಾಕಲೇಬೇಡಿ" ಅನ್ನುತ್ತಾರೆ. ಅವರ ಹೆದರಿಕೆ ಸುಳ್ಳಲ್ಲ. ನಮ್ಮಲ್ಲಿ ಓನರ್ ಒಂದೇ ಸೈಟನ್ನು ನಾಲ್ಕು ಜನ ಬ್ರೋಕರ್‌ಗಳಿಗೆ ಹೇಳಿರುತ್ತಾರೆ. ವೀಡಿಯೊದಲ್ಲಿ ಎದುರು ಮನೆಯ ನಂಬರ್ ಕಂಡರೆ ಸಾಕು, ಪಾರ್ಟಿ ಸೀದಾ ಹೋಗಿ ಪಕ್ಕದ ಮನೆಯವರನ್ನ ಕೇಳಿ ಓನರ್ ಫೋನ್ ನಂಬರ್ ತಗೊಂಡುಬಿಡುತ್ತಾರೆ. ಇನ್ನೊಬ್ಬ ಬ್ರೋಕರ್ ಅದೇ ವೀಡಿಯೊಗೆ ತನ್ನ ನಂಬರ್ ಹಾಕಿ ಬಿಡುತ್ತಾನೆ. ಎರಡು ಕಡೆಯವರಿಗೂ ಒಪ್ಪಿಗೆಯಾಗುವ ದಾರಿ ಇದೆ. ಬಡಾವಣೆಯ ಹೆಸರು ಹೇಳಿ, ಕ್ರಾಸ್ ಹೇಳಬೇಡಿ. ರಿಂಗ್ ರೋಡಿನಿಂದ ಎಷ್ಟು ನಿಮಿಷ ಅಂತ ಗಾಡಿಯಲ್ಲಿ ಹೋಗಿ ಅಳೆದು ಹೇಳಿ. ವೀಡಿಯೊವನ್ನು ಸೈಟಿನ ಒಳಗಿಂದ ತೆಗೆಯಿರಿ, ಮನೆ ನಂಬರು, ಬೋರ್ಡು, ಗಾಡಿಗಳ ನಂಬರ್ ಪ್ಲೇಟ್ ಬರದಂತೆ. ಆಫೀಸಿನ ಹೆಸರನ್ನು ಮೂಲೆಯಲ್ಲಲ್ಲ, ಚಿತ್ರದ ಮಧ್ಯಕ್ಕೆ ತೆಳ್ಳಗೆ ಹಾಕಿ. ಮೂಲೆಯಲ್ಲಿದ್ದರೆ ಕತ್ತರಿಸಿ ಎಸೆಯುತ್ತಾರೆ. ಮುಖ್ಯವಾಗಿ, ಓನರ್ ಹತ್ತಿರ "ಜಾಹೀರಾತು ಹಾಕಲು ಒಪ್ಪಿದ್ದೇನೆ" ಅಂತ ಒಂದು ವಾಟ್ಸಾಪ್ ಮೆಸೇಜನ್ನಾದರೂ ತರಿಸಿಕೊಳ್ಳಿ.

ವೀಡಿಯೊಗೆ ದೊಡ್ಡ ಕ್ಯಾಮೆರಾ ಬೇಡ. ಫೋನು, ಸಣ್ಣ ಕಾಲರ್ ಮೈಕು, ಬೆಳಗಿನ ಬಿಸಿಲು. ಮಾತಾಡುವವರು ಏಜೆಂಟರೇ ಆಗಿರಲಿ, ಅವರ ಮೈಸೂರು ಕನ್ನಡದಲ್ಲೇ. ಆ್ಯಂಕರ್ ಹುಡುಗಿಯನ್ನು ಕರೆಸಿ "ಹಾಯ್ ಗೈಸ್" ಅನ್ನಿಸುವುದಕ್ಕಿಂತ, ಅದೇ ಮನುಷ್ಯ ಚಪ್ಪಲಿಯಲ್ಲಿ ನೆಲ ತಟ್ಟಿ "ಇಲ್ಲಿ ಕೆಂಪು ಮಣ್ಣು, ಪಾಯಕ್ಕೆ ತೊಂದರೆ ಇಲ್ಲ" ಅನ್ನುವುದು ಎಷ್ಟೋ ಮೇಲು. ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ, ವ್ಯಾಪಾರದ ವೀಡಿಯೊಗೆ ಅದು ಹಕ್ಕುಸ್ವಾಮ್ಯದ ತಂಟೆ. ಡ್ರೋನ್ ಬೇಕು ಅಂದರೆ ಮೊದಲು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ನೋಡಿ. 2021ರ ಡ್ರೋನ್ ನಿಯಮಗಳಲ್ಲಿ ಕೆಂಪು, ಹಳದಿ, ಹಸಿರು ವಲಯಗಳಿವೆ, ಮೈಸೂರಿನಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣವೂ ಇದೆ. 30×40 ಸೈಟಿಗೆ ಡ್ರೋನ್ ಸುಮ್ನೆ ಶೋಕಿ. ಹತ್ತು ಎಕರೆ ಲೇಔಟಿಗಾದರೆ ಸರಿ.

ಲೇಔಟ್ ಅಂದಾಗ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವಿಷಯ ಬರುತ್ತದೆ. ಮೈಸೂರಿನ ಏಜೆಂಟ್ ಅಂದಮೇಲೆ ಇಲವಾಲ ಕಡೆ, ನಂಜನಗೂಡು ರಸ್ತೆ ಕಡೆ ಯಾವುದಾದರೂ ಹೊಸ ಲೇಔಟ್ ಮಾರಿಕೊಡಿ ಅಂತ ಡೆವಲಪರ್ ಯಾರಾದರೂ ಕೇಳಿಯೇ ಇರುತ್ತಾರೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ 2017ರ ಮೇ 1ರಿಂದ ಪೂರ್ತಿಯಾಗಿ ಜಾರಿಯಲ್ಲಿದೆ. ಅದರ ಪ್ರಕಾರ 500 ಚದರ ಮೀಟರ್‌ಗಿಂತ ಹೆಚ್ಚಿನ ಜಾಗದ ಲೇಔಟನ್ನು (ನಮ್ಮ ಲೆಕ್ಕದಲ್ಲಿ ಸುಮಾರು ಐದು ಗುಂಟೆ) ರೇರಾದಲ್ಲಿ ನೋಂದಾಯಿಸದೆ ಜಾಹೀರಾತು ಮಾಡುವ ಹಾಗೇ ಇಲ್ಲ. "ಪ್ರಿ-ಲಾಂಚ್ ಆಫರ್", "ರೇರಾ ಅಪ್ಲೈ ಆಗಿದೆ, ನಂಬರ್ ಬರುತ್ತೆ" ಅನ್ನುವುದೆಲ್ಲ ಇದರಡಿ ಬರುತ್ತದೆ. ನೋಂದಾಯಿತ ಯೋಜನೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ, ರೇರಾ ವೆಬ್‌ಸೈಟ್ ವಿಳಾಸ ಎರಡೂ ಎದ್ದು ಕಾಣುವಂತೆ ಇರಬೇಕು. ಜಾಹೀರಾತು ಅಂದರೆ ಪೇಪರ್ ಮಾತ್ರ ಅಲ್ಲ. ಕಾಯ್ದೆ ಹೇಳುವುದು ಯಾವ ಮಾಧ್ಯಮವಾದರೂ, ಯಾವ ರೂಪದ ಪ್ರಚಾರವಾದರೂ ಅಂತ. ಇನ್‌ಸ್ಟಾಗ್ರಾಮ್ ರೀಲೂ ಅದೇ, ವಾಟ್ಸಾಪ್ ಸ್ಟೇಟಸ್ಸೂ ಅದೇ. ಇಂಥ ಯೋಜನೆಯ ಸೈಟು ಮಾರಿಸಿಕೊಡುವ ಏಜೆಂಟರೂ ತಾವೇ ನೋಂದಣಿ ಮಾಡಿಸಿರಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಒಟ್ಟು ಆ ಆಸ್ತಿಯ ಬೆಲೆಯ ಶೇ 5ರವರೆಗೆ. ಖಾಸಗಿ ಓನರ್‌ನ ಹಳೇ ಸೈಟು, ಹಳೇ ಮನೆ ಮಾರಿಸುವುದಕ್ಕೆ ಮಾತ್ರ ಈ ನೋಂದಣಿ ಬೇಕಿಲ್ಲ.

ಆದ್ದರಿಂದ ನಿಮ್ಮ ಕರಾರಿನಲ್ಲಿ ಒಂದು ಸಾಲು ಇರಲಿ: ರೇರಾ ನಂಬರ್ ಕೊಡದ ಲೇಔಟಿನ ಪೋಸ್ಟರ್ ಮಾಡುವುದಿಲ್ಲ. ನಂಬರ್ ಕೊಟ್ಟರೂ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಅದೇ ಯೋಜನೆಯದ್ದಾ ಅಂತ. ಐದು ನಿಮಿಷದ ಕೆಲಸ. ಇದನ್ನು ಸೇವೆಯಾಗಿಯೇ ಮಾರಬಹುದು. "ನಮ್ಮಲ್ಲಿ ಬರುವ ಪ್ರತಿ ಲೇಔಟಿನ ರೇರಾ ಪುಟ ನಾವೇ ತೋರಿಸುತ್ತೇವೆ" ಅಂತ ಏಜೆಂಟರು ವೀಡಿಯೊದಲ್ಲಿ ಫೋನ್ ಹಿಡಿದು ತೋರಿಸಲಿ.

ಈಗ ನೀವು ಕಾಯುತ್ತಿದ್ದ ಜಾಹೀರಾತು.

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಒಂದು ಲೇಔಟಿಗೆ ಫೇಸ್‌ಬುಕ್‌ನಲ್ಲಿ ಲೀಡ್ ಫಾರ್ಮ್ ಜಾಹೀರಾತು, ಅಂದರೆ ಆಸಕ್ತರ ಹೆಸರು, ನಂಬರ್ ಪಡೆಯುವಂಥದ್ದು, ಹಾಕಿದ್ದೆ. ಒಂದು ವಾರದಲ್ಲಿ ನೂರಕ್ಕೂ ಜಾಸ್ತಿ ಹೆಸರು, ನಂಬರು ಬಂದವು. ಕ್ಲೈಂಟ್ ಖುಷಿ, ನಾನೂ ಖುಷಿ. ಸೋಮವಾರ ಅವರ ಹುಡುಗ ಕಾಲ್ ಮಾಡಲು ಕೂತ. "ಯಾವ ಸೈಟು? ನಾನು ಕೇಳೇ ಇಲ್ವಲ್ಲ." "ನಮ್ಮ ಹುಡುಗ ಫೋನಲ್ಲಿ ಆಟ ಆಡ್ತಿದ್ದ, ಒತ್ತಿರಬೇಕು." ಒಬ್ಬರು ಅಜ್ಜಿ. ಇನ್ನೊಬ್ಬರಿಗೆ ಸೈಟು ಬೇಡ, ಬಾಡಿಗೆ ಮನೆ ಬೇಕು. ಆ ಫಾರ್ಮ್‌ನಲ್ಲಿ ಹೆಸರು, ನಂಬರ್ ತಾನಾಗಿಯೇ ತುಂಬಿಕೊಳ್ಳುತ್ತದೆ. ಎರಡು ಸಲ ಒತ್ತಿದರೆ ಮುಗಿಯಿತು. ಅಗ್ಗದ ಲೀಡ್ ಬೇಕು ಅಂತ ನಾನು ಒಂದು ಪ್ರಶ್ನೆಯನ್ನೂ ಇಟ್ಟಿರಲಿಲ್ಲ. ಸೈಟು ನೋಡಲು ಬಂದವರು ಮೂರು ಜನ.

ಈಗ ಹೀಗೆ ಮಾಡುತ್ತೇನೆ. ಫಾರ್ಮ್ ಹಾಕಿದರೆ "ಹೈಯರ್ ಇಂಟೆಂಟ್" ನಮೂನೆ, ಅಂದರೆ ಕಳಿಸುವ ಮುಂಚೆ ಇನ್ನೊಂದು ಸಲ ನೋಡಿ ಖಚಿತಪಡಿಸಬೇಕಾದದ್ದು. ಅದರಲ್ಲಿ ಕೈಯಾರೆ ಬರೆಯಬೇಕಾದ ಒಂದು ಪ್ರಶ್ನೆ, "ಯಾವಾಗ ಸೈಟು ನೋಡಲು ಬರಬಹುದು?" ಅಂತ. ಜಾಹೀರಾತಿನ ಚಿತ್ರದ ಮೇಲೇ ರೇಟು ಹಾಕುತ್ತೇನೆ. ರೇಟು ಮುಚ್ಚಿಟ್ಟರೆ ಲೀಡ್ ಜಾಸ್ತಿ, ಪಾರ್ಟಿ ಕಡಿಮೆ. ಹಳೇ ಸೈಟು, ಮನೆಗಳಿಗಾದರೆ ಫಾರ್ಮೇ ಬೇಡ, ಒತ್ತಿದರೆ ವಾಟ್ಸಾಪ್ ತೆರೆಯುವ ಜಾಹೀರಾತು ಸಾಕು. ತಾವೇ "ಹಲೋ" ಅಂತ ಬರೆದವರಿಗೆ ಮರುದಿನ ಮರೆತುಹೋಗಿರುವುದಿಲ್ಲ.

ಗೂಗಲ್ ಸರ್ಚ್ ಜಾಹೀರಾತಿನ ಕಥೆ ಬೇರೆ. ಅಲ್ಲಿ ಜನ ತಾವೇ ಹುಡುಕಿಕೊಂಡು ಬರುತ್ತಾರೆ. ಒಂದು ಕ್ಲಿಕ್ಕಿಗೆ ಜಾಸ್ತಿ ಬೀಳುತ್ತದೆ, ಆದರೆ ಬಂದವರು ಗಟ್ಟಿ. ಬೇಡದ ಪದಗಳ ಪಟ್ಟಿಯನ್ನು ಮೊದಲ ದಿನವೇ ಹಾಕಿ. ಬಾಡಿಗೆ, ಪಿಜಿ, ಲೀಸ್, ಕೆಲಸ, ಪಹಣಿ, ಗೈಡೆನ್ಸ್ ವ್ಯಾಲ್ಯೂ, ಮುಡಾ ಅರ್ಜಿ. ಇವಿಲ್ಲದಿದ್ದರೆ ಪಹಣಿ ಹುಡುಕುವ ರೈತರ ಕ್ಲಿಕ್ಕಿಗೆ ನಿಮ್ಮ ಕ್ಲೈಂಟ್ ದುಡ್ಡು ಕಟ್ಟುತ್ತಾರೆ. ಇನ್ನೊಂದು ವಿಷಯ, ಮೈಸೂರಿನ ಸೈಟು ಅಂತ ಮೈಸೂರಿನೊಳಗೆ ಮಾತ್ರ ತೋರಿಸಬೇಡಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಬೆಂಗಳೂರಿನವರು ಶನಿವಾರ ಬೆಳಿಗ್ಗೆ ಬಂದು ಸೈಟು ನೋಡಿ ಸಂಜೆ ವಾಪಸ್ ಹೋಗಬಹುದು. ಅವರಿಗೆ ಬೇರೆ ಕ್ಯಾಂಪೇನ್ ಮಾಡಿ, ಗುರುವಾರ, ಶುಕ್ರವಾರ ಜಾಸ್ತಿ ಖರ್ಚು ಮಾಡಿ.

ದುಬೈ, ಅಮೆರಿಕದಲ್ಲಿರುವ ನಮ್ಮವರು ಊರಿನಲ್ಲಿ ಒಂದು ಸೈಟು ಇರಲಿ ಅನ್ನುತ್ತಾರೆ. ಅವರಿಗೆ ಜಾಹೀರಾತಿಗಿಂತ ವೀಡಿಯೊ ಕಾಲ್‌ನಲ್ಲಿ ಸೈಟು ತೋರಿಸುವ ಸೇವೆ ಬೇಕು. ಅಲ್ಲಿಯ ಸಂಜೆಗೆ ಇಲ್ಲಿ ಎದ್ದು ಕೂರುವವರು ಬೇಕು. ಒಂದು ಎಚ್ಚರಿಕೆ: ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ವಾರಸಿನಿಂದ ಬಂದರೆ ಬೇರೆ ಮಾತು. ರಾಜ್ಯದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತಾದಮೇಲೆ ಫಾರ್ಮ್‌ಲ್ಯಾಂಡ್ ಜಾಹೀರಾತುಗಳು ಎಲ್ಲೆಂದರಲ್ಲಿ. ಅದನ್ನೇ ವಿದೇಶದವರಿಗೂ ತೋರಿಸಿ ಅಡ್ವಾನ್ಸ್ ತಗೊಂಡರೆ ಮುಂದೆ ಫಜೀತಿ.

ಜಾಹೀರಾತಿನ ಬಜೆಟ್ ಹಂಚುವಾಗ ಇಂಗ್ಲಿಷ್ ಕ್ಯಾಲೆಂಡರ್ ಜೊತೆ ಪಂಚಾಂಗವನ್ನೂ ಇಟ್ಟುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಆಷಾಢದಲ್ಲಿ ಟೋಕನ್ ಕೊಡುವವರು ಕಡಿಮೆ. ಪಿತೃಪಕ್ಷದಲ್ಲೂ ಅಷ್ಟೇ, ಧನುರ್ಮಾಸದಲ್ಲೂ ಅಷ್ಟೇ. ಆದರೆ ಆಷಾಢದಲ್ಲಿ ನೋಡಬಾರದು ಅಂತೇನಿಲ್ಲವಲ್ಲ! ಆ ತಿಂಗಳು ಜನ ಮನೆಯಲ್ಲಿ ಕೂತು ವೀಡಿಯೊ ನೋಡಿ ಪಟ್ಟಿ ಮಾಡುತ್ತಾರೆ, ಶ್ರಾವಣ ಹುಟ್ಟಿದ ಮೇಲೆ ಫೋನ್ ಮಾಡುತ್ತಾರೆ. ಹಾಗಾಗಿ ಆಷಾಢದಲ್ಲಿ ಜಾಹೀರಾತಿನ ದುಡ್ಡು ಇಳಿಸಿ, ವೀಡಿಯೊ ಏರಿಸಿ. ಯುಗಾದಿ, ಅಕ್ಷಯ ತೃತೀಯ, ದಸರಾಗೆ ಹದಿನೈದು ದಿನ ಮುಂಚೆ ಜಾಹೀರಾತು ಜೋರು ಮಾಡಿ. ಹಬ್ಬದ ದಿನ ಹಾಕಿದರೆ ತಡವಾಯಿತು.

ವೆಬ್‌ಸೈಟ್ ಬೇಕಾ? ಬೇಕು, ಆದರೆ ಮೊದಲ ತಿಂಗಳಲ್ಲ. "ಮೈಸೂರಿನಲ್ಲಿ ಸೈಟು ಮಾರಾಟಕ್ಕೆ" ಅಂತ ಹುಡುಕಿದರೆ ಮೇಲೆ ಬರುವುದು 99 ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್, ಹೌಸಿಂಗ್ ಥರದ ದೊಡ್ಡ ಪೋರ್ಟಲ್‌ಗಳು. ಅಲ್ಲಿ ಮೊದಲ ಪುಟಕ್ಕೆ ತರುತ್ತೇನೆ ಅಂತ ಮಾತು ಕೊಡಬೇಡಿ. ಏಜೆಂಟರನ್ನು ಜನ ದಿನಾ ಕೇಳುವ ಪ್ರಶ್ನೆಗಳನ್ನೇ ಪುಟ ಮಾಡಿ. ಹೂಟಗಳ್ಳಿ ಕಡೆ ಕುಡಿಯುವ ನೀರು ಹೇಗೆ? ಇ-ಖಾತಾ ಇಲ್ಲದ ಸೈಟಿಗೆ ಏನು ಮಾಡಬೇಕು? ಬಿ ಖಾತಾ ಸೈಟಿಗೆ ಬ್ಯಾಂಕ್ ಸಾಲ ಸಿಗುತ್ತಾ? ಉತ್ತರ ಏಜೆಂಟರ ಬಾಯಿಂದ ರೆಕಾರ್ಡ್ ಮಾಡಿಕೊಳ್ಳಿ, ನೀವು ತಿದ್ದಿ ಬರೆಯಿರಿ. ತಿಂಗಳಿಗೆ ಎರಡು ಪುಟ ಆದರೆ ಜಾಸ್ತಿಯೇ ಆಯಿತು. ಪೋರ್ಟಲ್‌ಗಳಲ್ಲಿ ಅವರ ಹಳೇ ಲಿಸ್ಟಿಂಗ್‌ಗಳಿದ್ದರೆ ಮೊದಲು ಮಾರಾಟವಾದವನ್ನು ತೆಗೆಯಿರಿ. "ಅದು ಹೋಯ್ತು ಸಾರ್, ಬೇರೆ ಇದೆ" ಅಂತ ಕೇಳಿಸಿಕೊಂಡವರು ಎರಡನೇ ಸಲ ಫೋನ್ ಮಾಡುವುದಿಲ್ಲ.

ತಿಂಗಳಿಗೆ 20 ಪೋಸ್ಟ್ ಅಂತ ಬರೆದಿದ್ದೀರಲ್ಲ, ಅದರಲ್ಲಿ ಎಷ್ಟು ಹಬ್ಬದ ಶುಭಾಶಯ? ನಾಲ್ಕು ಸೈಟಿನ ವೀಡಿಯೊ, ಎರಡು ಕಾಗದಪತ್ರದ ವೀಡಿಯೊ, ರಿಜಿಸ್ಟ್ರೇಷನ್ ಮುಗಿಸಿದ ಪಾರ್ಟಿ ಒಪ್ಪಿದರೆ ಅವರ ಜೊತೆ ಒಂದು ಫೋಟೋ. ಇಷ್ಟು ಸಾಕು.

ದುಡ್ಡಿನ ವಿಷಯಕ್ಕೆ ಬರೋಣ. ಅವರು ಹೇಳಿದ 15 ಸಾವಿರದಲ್ಲಿ ಜಾಹೀರಾತಿನ ಖರ್ಚೂ ಸೇರಿದೆಯಾ? ನೀವು ಬರೆದಿಲ್ಲ, ಬಹುಶಃ ಕೇಳಿಯೂ ಇಲ್ಲ. ಇವತ್ತೇ ಕೇಳಿ. ಜಾಹೀರಾತಿನ ದುಡ್ಡು ಅವರ ಅಕೌಂಟಿನಿಂದ, ಅವರ ಕಾರ್ಡ್ ಇಲ್ಲವೇ ಯುಪಿಐಯಿಂದ ನೇರವಾಗಿ ಹೋಗಬೇಕು. ನಾನು ಶುರುವಿನಲ್ಲಿ "ಆಮೇಲೆ ಕೊಡ್ತೀನಿ" ಅಂದವರಿಗೆ ನನ್ನ ಕಾರ್ಡಿನಿಂದ ಕಟ್ಟಿ, ಮೂರು ತಿಂಗಳು ಅವರ ಆಫೀಸಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದಿದ್ದೇನೆ. ಮೇಲೆ ಶೇ 18 ಜಿಎಸ್‌ಟಿ ಬೇರೆ. ಹತ್ತು ಸಾವಿರದ ಜಾಹೀರಾತು ಅಂದರೆ ಬಿಲ್ಲು 11,800. ಅವರಿಗೆ ಜಿಎಸ್‌ಟಿ ನೋಂದಣಿ ಇದ್ದರೆ ಆ ನಂಬರನ್ನು ಜಾಹೀರಾತು ಖಾತೆಯಲ್ಲಿ ಹಾಕಿಸಿ. ಪೇಜು, ಡೊಮೇನು, ಗೂಗಲ್ ಪ್ರೊಫೈಲ್ ಎಲ್ಲದರ ಮಾಲೀಕರು ಅವರೇ, ನೀವು ಮ್ಯಾನೇಜರ್ ಮಾತ್ರ. ನಾಳೆ ಬಿಟ್ಟುಹೋಗುವಾಗ ಕಿತ್ತಾಟ ಇರಬಾರದು.

ಕೆಲಸವನ್ನು ಎರಡು ಭಾಗ ಮಾಡಿ. ಫೋನು, ವಾಟ್ಸಾಪ್, ಗೂಗಲ್ ಪ್ರೊಫೈಲ್ ಸರಿ ಮಾಡಿಕೊಡುವುದಕ್ಕೆ ಒಂದೇ ಸಲದ ಶುಲ್ಕ. ಆಮೇಲೆ ವೀಡಿಯೊ, ಲಿಸ್ಟಿಂಗ್, ಜಾಹೀರಾತು ನೋಡಿಕೊಳ್ಳುವುದಕ್ಕೆ ತಿಂಗಳಿಗೆ ಆ 15 ಸಾವಿರ. ಜಾಸ್ತಿ ಆಯಿತು ಅಂದರೆ ಅವರ ಲೆಕ್ಕದಲ್ಲೇ ಹೇಳಿ. 40 ಲಕ್ಷದ ಸೈಟಿಗೆ ಶೇ 1ರಂತೆ ಕಮಿಷನ್ 40 ಸಾವಿರ. ನಿಮ್ಮ 15, ಜಾಹೀರಾತಿಗೆ ಜಿಎಸ್‌ಟಿ ಸೇರಿ ಹತ್ತಿರ 12, ಒಟ್ಟು ತಿಂಗಳಿಗೆ 27 ಸಾವಿರ. ಮೂರು ತಿಂಗಳಿಗೆ 81 ಸಾವಿರ. ಅಷ್ಟರಲ್ಲಿ ಹೆಚ್ಚುವರಿಯಾಗಿ ಎರಡು ಸೈಟು ಹೋದರೆ ಸರಿಸುಮಾರು ಖರ್ಚು ಹುಟ್ಟಿತು, ಮೂರನೆಯದು ಲಾಭ. ಮೂರು ತಿಂಗಳಿಗಿಂತ ಕಡಿಮೆಗೆ ಒಪ್ಪಬೇಡಿ. ಸೈಟು ನೋಡಿದವರು ಮನೆಯವರನ್ನ ಕರೆತಂದು, ವಕೀಲರಿಗೆ ತೋರಿಸಿ, ಸಾಲ ಮಂಜೂರಾಗಿ ರಿಜಿಸ್ಟರ್ ಆಗುವಷ್ಟರಲ್ಲಿ ತಿಂಗಳುಗಳು ಬೇಕು. ತಿಂಗಳ ವರದಿಯಲ್ಲಿ ಲೈಕು, ರೀಚು ಬೇಡ. ಎಷ್ಟು ಹೊಸ ಪಾರ್ಟಿ ಬಂದರು, ಅದರಲ್ಲಿ ಎಷ್ಟು ಜನ ಸೈಟಿನ ಮೇಲೆ ಕಾಲಿಟ್ಟರು, ಎಷ್ಟು ಕಾಲ್ ಮಿಸ್ ಆಯಿತು. ಮೂರೇ ಸಾಲು.

ಕಮಿಷನ್‌ನಲ್ಲಿ ಪಾಲು ಅನ್ನುವುದು ಕೇಳಲು ಚೆಂದ. ನನ್ನ ಸಲಹೆ ಬೇಡ ಅಂತ. ಒಂದು, ಯಾವ ಪಾರ್ಟಿ ನಿಮ್ಮ ಜಾಹೀರಾತಿನಿಂದ ಬಂದದ್ದು, ಯಾವುದು ಅವರ ಭಾವಮೈದ ಕಳಿಸಿದ್ದು ಅನ್ನುವ ವಾದ ಯಾವತ್ತೂ ಮುಗಿಯುವುದಿಲ್ಲ. ಎರಡು, ರೇರಾ ಕಾಯ್ದೆಯಲ್ಲಿ ಏಜೆಂಟ್ ಅನ್ನುವ ಪದದ ಅರ್ಥ ಬಹಳ ಅಗಲ. ಯಾವ ಮಾಧ್ಯಮದ ಮೂಲಕವಾದರೂ ಕೊಳ್ಳುವವರು, ಮಾರುವವರನ್ನು ಒಬ್ಬರಿಗೊಬ್ಬರು ಪರಿಚಯಿಸುವವರೂ ಅದರಲ್ಲಿ ಸೇರುತ್ತಾರೆ, ಪ್ರತಿಫಲವನ್ನು ಕಮಿಷನ್ ಅಂತ ತಗೊಂಡರೂ ಬೇರೆ ಹೆಸರಲ್ಲಿ ತಗೊಂಡರೂ. ನೋಂದಾಯಿತ ಲೇಔಟಿನ ಸೈಟಿಗೆ ಇಷ್ಟು ಅಂತ ನೀವು ತಗೊಳ್ಳಲು ಶುರು ಮಾಡಿದರೆ ಮಾರ್ಕೆಟಿಂಗ್ ಹುಡುಗ ಯಾರು, ಏಜೆಂಟ್ ಯಾರು ಅನ್ನುವ ಪ್ರಶ್ನೆ ಬರಬಹುದು. ಅವರು ಹಟ ಹಿಡಿದರೆ ವಕೀಲರೊಬ್ಬರನ್ನು ಕೇಳದೆ ಸಹಿ ಮಾಡಬೇಡಿ.

ನಾಳೆ ಬೆಳಿಗ್ಗೆ ಹತ್ತಕ್ಕೆ ಅವರ ಆಫೀಸಿಗೆ ಹೋಗಿ. ಲ್ಯಾಪ್‌ಟಾಪ್ ಬೇಡ, ಒಂದು ನೋಟ್‌ಬುಕ್ ಸಾಕು. "ಸಾರ್, ಇವತ್ತು ನಿಮ್ಮ ಜೊತೆ ಸೈಟಿಗೆ ಬರ್ತೀನಿ" ಅನ್ನಿ. ಫೋನು ಎಷ್ಟು ಸಲ ಬಡಿದುಕೊಂಡಿತು, ಎಷ್ಟು ಸಲ ಎತ್ತಿದರು ಅಂತ ಗೆರೆ ಹಾಕುತ್ತಾ ಹೋಗಿ. ಸಂಜೆ ಆ ಹಾಳೆಯನ್ನು ಅವರ ಮುಂದಿಟ್ಟು ಆಮೇಲೆ ಶುಲ್ಕದ ಮಾತು ತೆಗೆಯಿರಿ.